ಕ್ಷಯರೋಗ ಮತ್ತು ಔಷಧ ಸೇವನೆಯ ಕ್ರಮ

ಕ್ಷಯವೆಂದರೆ ಕುಗ್ಗುವಿಕೆ. ಕೃಷ್ಣಪಕ್ಷದ ಚಂದ್ರನಂತೆ ಶರೀರವನ್ನು ದಿನದಿನಕ್ಕೂ ಕರಗಿಸುವ ವ್ಯಾಧಿಯಾದುದರಿಂದ ನಮ್ಮ ಪೂರ್ವಿಕರು ಇದಕ್ಕೆ ಈ ಹೆಸರನ್ನಿತ್ತರು. ದಕ್ಷನ ಶಾಪದಿಂದ ಮೊತ್ತಮೊದಲು ಚಂದ್ರನಿಗೇ ತಗುಲಿದ ರೋಗವಿದೆಂಬ ಪುರಾಣಕಥೆಯೂ ಉಂಟು. ಆಯುರ್ವೇದ ಗ್ರಂಥಗಳು ಇದನ್ನು ರಾಜಯಕ್ಷ್ಮವೆಂದು ಕರೆಯುತ್ತವೆ. ನಾವು ನೆಲೆಸಿರುವ ಕೊಯಮತ್ತೂರು, ತಿರುಪ್ಪೂರು ಜಿಲ್ಲೆಗಳ ಆಸ್ಪತ್ರೆಗಳ ಫಲಕಗಳಲ್ಲಿ ‘ಕಾಸನೋಯ್’ ಎಂದು ಬರೆದಿರುತ್ತದೆ. ‘ಕಾಸ’ವೆಂದರೆ ಕೆಮ್ಮು. ಕನ್ನಡವು ರೋಗದ ಪರಿಣಾಮವನ್ನು ಹೆಸರಿಸಿದರೆ ತಮಿಳು ಅದರ ಲಕ್ಷಣವನ್ನು ಹೆಸರಿಸುತ್ತದೆ. ಸಿರುಮುಗೈ, ನೆಗಮಂ ಕಡೆಯ ದೇವಾಂಗ ನೇಕಾರರು, ಹಳ್ಳಿಗಳ ಒಕ್ಕಲಿಗರು, ಅನುಪ್ಪ ಗೌಂಡರು ಮೊದಲಾದವರು ಮನೆಯೊಳಗೆ ಕನ್ನಡವನ್ನೂ ಹೊಸ್ತಿಲಾಚೆ ತಮಿಳನ್ನೂ ಆಡುವವರು. ಅವರ ಮನೆಗಳ ಅಜ್ಜಿಯರಿಗೆ ಆಸ್ಪತ್ರೆಯ ಮಾತು ಪೂರ್ತಿಯಾಗಿ ತಲುಪುವುದು ಅದನ್ನು ಮನೆಮಾತಿನಲ್ಲಿ ಮತ್ತೊಮ್ಮೆ ಹೇಳಿದಾಗಲೇ. ಈ ಲೇಖನವನ್ನು ಓದುವ ವಿದ್ಯಾರ್ಥಿಗಳು ಆ ಕೆಲಸವನ್ನು ಮಾಡಬಲ್ಲರು.

1882ರ ಮಾರ್ಚ್ 24ರಂದು ಜರ್ಮನಿಯ ರಾಬರ್ಟ್ ಕಾಕ್ ಈ ರೋಗಕ್ಕೆ ಕಾರಣವಾದ ಸೂಕ್ಷ್ಮಜೀವಿಯನ್ನು ಕಂಡುಹಿಡಿದುದಾಗಿ ಪ್ರಕಟಿಸಿದನು. ಆದರೆ ಶತ್ರುವಿನ ಗುರುತು ಸಿಕ್ಕಿ ಅರವತ್ತು ವರ್ಷ ಕಳೆದರೂ ಅದನ್ನು ಕೊಲ್ಲುವ ಆಯುಧ ದೊರೆಯಲಿಲ್ಲ. ಅಲ್ಲಿಯವರೆಗೆ ಶುದ್ಧವಾದ ಗಾಳಿ, ವಿಶ್ರಾಂತಿ, ಪುಷ್ಟಿಕರವಾದ ಆಹಾರ ಇಷ್ಟೇ ಚಿಕಿತ್ಸೆ. ಮದನಪಲ್ಲಿಯ ಆರೋಗ್ಯವರಂ, ಮದರಾಸಿನ ತಾಂಬರಂ, ಅಂದು ಕೊಯಮತ್ತೂರು ಜಿಲ್ಲೆಗೆ ಸೇರಿದ್ದ ಪೆರುಂದುರೈ, ಮೈಸೂರಿನ ರಾಜಕುಮಾರಿ ಕೃಷ್ಣಾಜಮ್ಮಣ್ಣಿಯವರ ಹೆಸರಿನ ಆರೋಗ್ಯಧಾಮ, ಇವೆಲ್ಲ ಆ ಕಾಲದ ಆಶ್ರಯಗಳು. ಹಾಸಿಗೆಗಳು ಕೆಲವೇ, ರೋಗಿಗಳೋ ಲಕ್ಷಾಂತರ.

1943ರಲ್ಲಿ ಸ್ಟ್ರೆಪ್ಟೋಮೈಸಿನ್ ದೊರೆಯಿತು. ಬ್ರಿಟನ್ನಿನಲ್ಲಿ ನಡೆದು 1948ರಲ್ಲಿ ಪ್ರಕಟವಾದ ಪರೀಕ್ಷೆಯೊಂದರಲ್ಲಿ ಈ ಔಷಧವನ್ನು ಪಡೆದ 55 ರೋಗಿಗಳ ಪೈಕಿ ಆರು ತಿಂಗಳಲ್ಲಿ 4 ಮಂದಿಯೂ, ಪಡೆಯದ 52 ಮಂದಿಯ ಪೈಕಿ 14 ಮಂದಿಯೂ ಮರಣ ಹೊಂದಿದರು. ವೈದ್ಯಲೋಕ ಹಿಗ್ಗಿತು. ಆದರೆ ಆ ಹಿಗ್ಗು ಬಹುಕಾಲ ನಿಲ್ಲಲಿಲ್ಲ. ಮೊದಲು ಚೇತರಿಸಿಕೊಂಡ ಅನೇಕರು ಮತ್ತೆ ಹಾಸಿಗೆ ಹಿಡಿದರು. ಅವರ ಕಫದಲ್ಲಿದ್ದ ಕ್ರಿಮಿಗಳಿಗೆ ಆ ಔಷಧ ತಗುಲುತ್ತಲೇ ಇರಲಿಲ್ಲ. ಇದೇಕೆ ಹೀಗಾಯಿತು ಎಂಬುದನ್ನು ಅರಿತವನಿಗೆ ಕ್ಷಯದ ಚಿಕಿತ್ಸಾಕ್ರಮವೆಲ್ಲ ತಾನಾಗಿ ಅರ್ಥವಾಗುತ್ತದೆ. ಆದುದರಿಂದ ಇಲ್ಲಿ ಸ್ವಲ್ಪ ಗಣಿತವನ್ನು ಮಾಡೋಣ.

ಶ್ವಾಸಕೋಶದಲ್ಲಿ ರೋಗದಿಂದಾದ ಒಂದು ಕುಹರದೊಳಗೆ ಸುಮಾರು 10 ಕೋಟಿ ಕ್ರಿಮಿಗಳಿರಬಹುದು. ಇವುಗಳಲ್ಲಿ ಐಸೋನಿಯಾಜಿಡ್ ಎಂಬ ಔಷಧಕ್ಕೆ ಹುಟ್ಟಿನಿಂದಲೇ ಬಗ್ಗದಿರುವುದು ಸುಮಾರು 10 ಲಕ್ಷಕ್ಕೆ ಒಂದು. ಎಂದರೆ ಆ ಕುಹರದಲ್ಲಿ ಅಂತಹವು ನೂರಿರುತ್ತವೆ. ಐಸೋನಿಯಾಜಿಡ್ ಒಂದನ್ನೇ ನುಂಗಿದರೆ ಉಳಿದವೆಲ್ಲ ಸತ್ತು, ಆ ನೂರು ಬದುಕಿ, ತೆರವಾದ ಸ್ಥಳದಲ್ಲಿ ಮತ್ತೆ ಬೆಳೆಯುತ್ತವೆ. ರಿಫಾಂಪಿಸಿನ್ ಎಂಬ ಮತ್ತೊಂದು ಔಷಧಕ್ಕೆ ಬಗ್ಗದಿರುವುದು ಸುಮಾರು 10 ಕೋಟಿಗೆ ಒಂದು. ಎರಡನ್ನೂ ಒಟ್ಟಿಗೆ ಕೊಟ್ಟರೆ ಎರಡಕ್ಕೂ ಬಗ್ಗದ ಕ್ರಿಮಿ ಕೋಟಿ ಕೋಟಿಗೆ ಒಂದು. ಅಷ್ಟು ಕ್ರಿಮಿಗಳು ಯಾವ ಮನುಷ್ಯನ ದೇಹದಲ್ಲಿಯೂ ಇರಲಾರವು. ಔಷಧಗಳನ್ನು ಒಟ್ಟಾಗಿಯೇ ಕೊಡುವುದರ ಗುಟ್ಟು ಇದು. ‘ಈ ಗುಳಿಗೆ ನನಗೆ ಒಗ್ಗದು, ಇದನ್ನು ಬಿಟ್ಟು ಉಳಿದುದನ್ನು ನುಂಗುತ್ತೇನೆ’ ಎಂದು ರೋಗಿಯು ತಾನೇ ತೀರ್ಮಾನಿಸಿದರೆ ಈ ಲೆಕ್ಕವೆಲ್ಲ ತಲೆಕೆಳಗಾಗುತ್ತದೆ.

ಆರು ತಿಂಗಳು ಏಕೆ?

ಸಾಮಾನ್ಯ ಜ್ವರಕ್ಕೆ ಐದು ದಿನ ಔಷಧ ಸಾಕಾದರೆ ಇದಕ್ಕೆ ಆರು ತಿಂಗಳೇಕೆಂಬುದು ಎಲ್ಲರ ಪ್ರಶ್ನೆ. ನಮ್ಮ ಕರುಳಿನಲ್ಲಿ ವಾಸಿಸುವ ಸಾಧಾರಣ ಬ್ಯಾಕ್ಟೀರಿಯ ಅನುಕೂಲ ಪರಿಸ್ಥಿತಿಯಲ್ಲಿ ಇಪ್ಪತ್ತು ನಿಮಿಷಕ್ಕೊಮ್ಮೆ ಎರಡಾಗಿ ಒಡೆಯುತ್ತದೆ. ಕ್ಷಯದ ಕ್ರಿಮಿಗೆ ಅದಕ್ಕೆ ಸುಮಾರು ಒಂದು ದಿನವೇ ಬೇಕು. ಜೀವಿನಿರೋಧಕ ಔಷಧಗಳು, ಅಂದರೆ ಆಂಟಿಬಯೋಟಿಕ್‌ಗಳು, ಬೆಳೆಯುತ್ತಿರುವ ಕ್ರಿಮಿಯನ್ನು ಕೊಲ್ಲುವಷ್ಟು ಸುಲಭವಾಗಿ ಮಲಗಿರುವುದನ್ನು ಕೊಲ್ಲಲಾರವು. ಚುರುಕಾಗಿ ಬೆಳೆಯುವ ಗುಂಪನ್ನು ಐಸೋನಿಯಾಜಿಡ್ ಮೊದಲ ಕೆಲವು ದಿನಗಳಲ್ಲಿಯೇ ನೆಲಕ್ಕುರುಳಿಸುತ್ತದೆ. ಆಮ್ಲೀಯವಾದ ಎಡೆಗಳಲ್ಲಿ ಅವಿತವನ್ನು ಪಿರಾಜಿನಮೈಡ್ ಹುಡುಕಿ ಕೊಲ್ಲುತ್ತದೆ. ಬಹುಕಾಲ ನಿದ್ರಿಸಿ, ಯಾವಾಗಲೋ ಒಮ್ಮೆ ಕಣ್ತೆರೆಯುವವಕ್ಕೆ ರಿಫಾಂಪಿಸಿನ್ ಕಾದು ಕುಳಿತಿರಬೇಕು. ಇವುಗಳಿಗೆ ಬೆಂಬಲವಾಗಿ ಎಥಾಂಬ್ಯುಟಾಲ್ ಇರುತ್ತದೆ. ಆದುದರಿಂದಲೇ ಮೊದಲ ಎರಡು ತಿಂಗಳು ನಾಲ್ಕು ಔಷಧ, ಮುಂದಿನ ನಾಲ್ಕು ತಿಂಗಳು ಪಿರಾಜಿನಮೈಡನ್ನು ಬಿಟ್ಟು ಮೂರು ಔಷಧ.

ಅಪಾಯವಿರುವುದು ಇಲ್ಲಿಯೇ. ಮೂರು ವಾರಗಳಲ್ಲಿ ಜ್ವರವಿಳಿಯುತ್ತದೆ, ಹಸಿವು ಹುಟ್ಟುತ್ತದೆ, ಕೆಮ್ಮು ತಗ್ಗುತ್ತದೆ. ಎರಡು ತಿಂಗಳಿಗೆ ಮುಖದಲ್ಲಿ ಕಳೆ ಬರುತ್ತದೆ. ರೋಗಿಯು ಗುಣವಾಯಿತೆಂದು ಭಾವಿಸುವ ಆ ಹೊತ್ತಿಗೆ ಸತ್ತಿರುವುದು ಎಚ್ಚತ್ತಿದ್ದ ಕ್ರಿಮಿಗಳು ಮಾತ್ರ. ತಿರುಪ್ಪೂರಿನ ಬನಿಯನ್ ಕಾರ್ಖಾನೆಗಳಲ್ಲಿ, ಪಲ್ಲಡಂ, ಸೋಮನೂರಿನ ಮಗ್ಗದ ಮನೆಗಳಲ್ಲಿ ದಿನಗೂಲಿಗೆ ದುಡಿಯುವವನಿಗೆ ಆಸ್ಪತ್ರೆಗೆ ಹೋದ ದಿನವೆಂದರೆ ಕೂಲಿ ಹೋದ ದಿನ. ಮೈ ನೆಟ್ಟಗಾದ ಮೇಲೆ ಆ ದಿನವನ್ನು ಕಳೆದುಕೊಳ್ಳಲು ಮನಸ್ಸು ಒಪ್ಪುವುದಿಲ್ಲ. ಅವನನ್ನು ಅಜ್ಞಾನಿಯೆಂದು ದೂಷಿಸುವವರು ಒಂದು ತಿಂಗಳು ಅವನ ಸಂಬಳದಲ್ಲಿ ಸಂಸಾರ ನಡೆಸಿ ನೋಡಲಿ. ದೀಪಾವಳಿ, ಪೊಂಗಲ್ ರಜೆಗಳಲ್ಲಿಯೂ ಔಷಧ ತಪ್ಪುವುದುಂಟು: ಬಸ್ಸು ಹಿಡಿಯುವ ಗಡಿಬಿಡಿಯಲ್ಲಿ ಮಾತ್ರೆಯ ಪಟ್ಟಿ ಬಾಡಿಗೆ ಕೋಣೆಯಲ್ಲೇ ಉಳಿಯುತ್ತದೆ. ಊರಿಗೆ ಹೊರಡುವವರು ಮೊದಲೇ ತಿಳಿಸಿದರೆ ಆರೋಗ್ಯ ಕೇಂದ್ರದವರು ಬೇಕಾದಷ್ಟು ದಿನದ ಔಷಧವನ್ನು ಕೊಡಬಲ್ಲರು. ಒಡಿಶಾ, ಬಿಹಾರ, ಜಾರ್ಖಂಡ್‌ಗಳಿಂದ ಬಂದ ಕಾರ್ಮಿಕರು ಖಾಯಂ ಆಗಿ ಮರಳುವುದಾದರೆ, ‘ನಿಕ್ಷಯ್’ ಎಂಬ ರಾಷ್ಟ್ರೀಯ ನೋಂದಣಿಯಲ್ಲಿರುವ ಅವರ ಸಂಖ್ಯೆಯ ಮೂಲಕ ಚಿಕಿತ್ಸೆಯನ್ನು ಅವರ ಊರಿಗೇ ವರ್ಗಾಯಿಸಬಹುದು.

ಮದರಾಸಿನ ಪ್ರಯೋಗ

ಕ್ಷಯರೋಗಿಯು ಮನೆಯಲ್ಲಿದ್ದೇ ಗುಣವಾಗಬಲ್ಲನೆಂಬುದನ್ನು ಲೋಕಕ್ಕೆ ತೋರಿಸಿಕೊಟ್ಟುದು ನಮ್ಮ ರಾಜ್ಯವೇ ಎಂಬುದು ಹೆಮ್ಮೆಯ ಸಂಗತಿ. 1956ರಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಲಿ, ಮದರಾಸು ಸರಕಾರ, ವಿಶ್ವ ಆರೋಗ್ಯ ಸಂಸ್ಥೆ ಹಾಗೂ ಬ್ರಿಟನ್ನಿನ ವೈದ್ಯಕೀಯ ಸಂಶೋಧನಾ ಮಂಡಲಿ ಸೇರಿ ಮದರಾಸಿನಲ್ಲಿ ಒಂದು ಕೇಂದ್ರವನ್ನು ಸ್ಥಾಪಿಸಿದುವು. ಡಾ. ವಾಲೇಸ್ ಫಾಕ್ಸ್ ಅದರ ಮುಂದಾಳು. 193 ಮಂದಿ ಬಡ ರೋಗಿಗಳನ್ನು ಚೀಟಿಯೆತ್ತಿದಂತೆ ಎರಡು ಪಂಗಡ ಮಾಡಿ, ಒಂದು ಪಂಗಡವನ್ನು ಆರೋಗ್ಯಧಾಮದಲ್ಲಿಯೂ ಇನ್ನೊಂದನ್ನು ಇಕ್ಕಟ್ಟಾದ ಅವರ ಮನೆಗಳಲ್ಲಿಯೂ ಇರಿಸಿ, ಇಬ್ಬರಿಗೂ ಒಂದು ವರ್ಷ ಒಂದೇ ಔಷಧಗಳನ್ನು ಕೊಟ್ಟರು. ಆರೋಗ್ಯಧಾಮದವರಿಗೆ ಒಳ್ಳೆಯ ಊಟವೂ ವಿಶ್ರಾಂತಿಯೂ ದೊರೆತವು. ಮನೆಯವರಿಗೆ ಅವೆರಡೂ ಕಡಿಮೆ. ಆದರೂ 1959ರಲ್ಲಿ ಫಲಿತಾಂಶ ಪ್ರಕಟವಾದಾಗ ಎರಡೂ ಪಂಗಡಗಳವರು ಹೆಚ್ಚು ಕಡಿಮೆ ಸಮನಾಗಿ ಗುಣ ಹೊಂದಿದ್ದರು. ಮುಂದಿನ ವರ್ಷಗಳಲ್ಲಿ ಗಮನಿಸಿದಾಗ, ರೋಗಿಯನ್ನು ಮನೆಯಲ್ಲಿರಿಸಿಕೊಂಡ ಕುಟುಂಬಗಳಲ್ಲಿ ರೋಗ ಹೆಚ್ಚಾಗಿ ಹರಡಿರಲೂ ಇಲ್ಲ. ಪಾತ್ರೆ, ಹಾಸಿಗೆ ಬೇರೆ ಮಾಡಿ ರೋಗಿಯನ್ನು ಜಗಲಿಗೆ ತಳ್ಳುವ ಪದ್ಧತಿಗೆ ಇದಕ್ಕಿಂತ ಸ್ಪಷ್ಟವಾದ ಉತ್ತರ ಬೇಕಿಲ್ಲ. ಚಿಕಿತ್ಸೆಗೆ ಮೊದಲು ಜೊತೆಗಿದ್ದುದರಿಂದ ಆಗಬೇಕಾದ ಅಪಾಯ ಆಗಿಹೋಗಿರುತ್ತದೆ. ಸರಿಯಾದ ಔಷಧ ಹೊಟ್ಟೆಗೆ ಬಿದ್ದ ಮೇಲೆ ಸೋಂಕು ಹರಡುವ ಶಕ್ತಿ ಬೇಗನೆ ಕುಗ್ಗುತ್ತದೆ. ಆ ವೈದ್ಯರು ರೋಗಿಯ ಬಾಯಿಮಾತನ್ನೇ ನಂಬಲಿಲ್ಲವೆಂಬುದೂ ಗಮನಾರ್ಹ. ತಿಳಿಸದೆ ಮನೆಗೆ ಹೋಗಿ ಮಾತ್ರೆಗಳನ್ನು ಎಣಿಸುತ್ತಿದ್ದರು, ಮೂತ್ರವನ್ನು ಪರೀಕ್ಷಿಸುತ್ತಿದ್ದರು.

ಅದೇ ಕಾಲದಲ್ಲಿ, 1959ರಲ್ಲಿ, ಬೆಂಗಳೂರಿನಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಸ್ಥಾಪನೆಯಾಯಿತು. ಅದರ ವಿದ್ವಾಂಸರಾದ ಬ್ಯಾನರ್ಜಿ ಮತ್ತು ಆಂಡರ್ಸನ್ ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ನಡೆಸಿ 1963ರಲ್ಲಿ ಪ್ರಕಟಿಸಿದ ಅಧ್ಯಯನವು, ರೋಗಿಗಳ ಪೈಕಿ ಅರ್ಧಕ್ಕಿಂತ ಹೆಚ್ಚು ಮಂದಿ ತಾವಾಗಿಯೇ ಆಸ್ಪತ್ರೆಗೆ ಹೋಗಿದ್ದರೆಂದೂ, ಅವರಲ್ಲಿ ಹೆಚ್ಚಿನವರನ್ನು ಕೆಮ್ಮಿನ ಔಷಧದ ಬಾಟಲಿ ಕೊಟ್ಟು ಕಳುಹಿಸಲಾಗಿತ್ತೆಂದೂ ತೋರಿಸಿತು. ನಮ್ಮ ಭಾಗದಲ್ಲಿ ಈ ಗೊಂದಲಕ್ಕೆ ಇನ್ನೊಂದು ಕಾರಣವೂ ಇದೆ. ನೂಲಿನ ಗಿರಣಿಯ ಹತ್ತಿಧೂಳಿನಿಂದ ಕೆಲವರಿಗೆ ಎದೆಬಿಗಿತ, ಕೆಮ್ಮು ಬರುತ್ತದೆ. ವಾರದ ರಜೆ ಕಳೆದು ಕೆಲಸಕ್ಕೆ ಮರಳಿದ ಮೊದಲ ದಿನ ಹೆಚ್ಚಾಗುವುದು ಅದರ ಗುರುತು. ‘ಇದು ಪಂಜಿನ ಕೆಮ್ಮು’ ಎಂದು ಸುಮ್ಮನಾಗುವವರ ನಡುವೆ ಕ್ಷಯವೂ ಅಡಗಿರಬಹುದು. (ಪಂಜು ಎಂದರೆ ತಮಿಳಿನಲ್ಲಿ ಹತ್ತಿ.) ಎರಡು ವಾರ ಮೀರಿದ ಕೆಮ್ಮು, ಸಂಜೆಯ ಜ್ವರ, ರಾತ್ರಿಯ ಬೆವರು, ತೂಕ ಇಳಿಯುವುದು ಕಂಡರೆ ಕಫವನ್ನು ಪರೀಕ್ಷಿಸಲೇಬೇಕು. ಔಷಧದ ಅಂಗಡಿಯಲ್ಲಿ ಬಲವಾದ ಆಂಟಿಬಯೋಟಿಕ್ ಕೇಳಿ ನುಂಗುವುದು ಸಲ್ಲದು. ಅವುಗಳಲ್ಲಿ ಕೆಲವು ಕ್ಷಯವನ್ನು ತಾತ್ಕಾಲಿಕವಾಗಿ ಮರೆಮಾಚಿ ರೋಗನಿದಾನವನ್ನು ತಡಮಾಡುತ್ತವೆ.

ಸೇವನೆಯ ರೀತಿ

ಮಾತ್ರೆಗಳ ಸಂಖ್ಯೆಯನ್ನು ನಿರ್ಧರಿಸುವುದು ರೋಗಿಯ ತೂಕ. ಸರಕಾರಿ ಕಾರ್ಯಕ್ರಮದಲ್ಲಿ ನಾಲ್ಕು ಔಷಧಗಳನ್ನೂ ಒಂದೇ ಮಾತ್ರೆಯಲ್ಲಿ ಸೇರಿಸಿರುತ್ತಾರೆ. 35ರಿಂದ 49 ಕಿಲೋ ತೂಗುವ ವಯಸ್ಕರಿಗೆ ದಿನಕ್ಕೆ 3, 50ರಿಂದ 64 ಕಿಲೋ ತೂಗುವವರಿಗೆ 4. ಎಲ್ಲವನ್ನೂ ಒಂದೇ ಹೊತ್ತಿನಲ್ಲಿ ನುಂಗಬೇಕು. ಬೆಳಿಗ್ಗೆ ಒಂದು, ರಾತ್ರಿ ಒಂದು ಎಂದು ಹಂಚಿದರೆ ರಕ್ತದಲ್ಲಿ ಔಷಧವು ತಕ್ಕ ಮಟ್ಟಕ್ಕೆ ಏರುವುದಿಲ್ಲ. ಹಸಿದ ಹೊಟ್ಟೆಯಲ್ಲಿ ನುಂಗುವುದು ಉತ್ತಮ. ಓಕರಿಕೆ ಬಂದರೆ ಔಷಧ ಬಿಡುವುದರ ಬದಲು ಲಘುವಾದ ಆಹಾರದೊಂದಿಗೆ ತೆಗೆದುಕೊಳ್ಳಬಹುದು. ಹೊಟ್ಟೆಯುರಿಗೆ ಕುಡಿಯುವ ಔಷಧವನ್ನು ಜೊತೆಯಲ್ಲಿಯೇ ಸೇವಿಸಬಾರದು. ಒಂದು ದಿನ ಮರೆತರೆ ಮರುದಿನ ಇಮ್ಮಡಿ ನುಂಗಕೂಡದು. ಎಂದಿನಂತೆ ಮುಂದುವರಿಸಿ, ತಪ್ಪಿದುದನ್ನು ಆರೋಗ್ಯ ಕಾರ್ಯಕರ್ತರಿಗೆ ತಿಳಿಸಬೇಕು. ಮಾತ್ರೆಗಳನ್ನು ಪಟ್ಟಿಯಿಂದ ಬಿಡಿಸಿ ಡಬ್ಬಿಯಲ್ಲಿ ತುಂಬಿಡುವುದು ಸರಿಯಲ್ಲ. ತೇವದಿಂದಲೂ ಬಿಸಿಲಿನಿಂದಲೂ ಔಷಧ ಸತ್ವಗುಂದುತ್ತದೆ.

ಮೊದಲ ದಿನವೇ ಮೂತ್ರವು ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ. ಇದನ್ನು ಕಂಡು ರಕ್ತವೆಂದು ಬೆದರಿ ಔಷಧವನ್ನೇ ಬಿಟ್ಟವರುಂಟು. ಇದು ರಿಫಾಂಪಿಸಿನ್ನಿನ ಬಣ್ಣವಷ್ಟೇ, ಹಾನಿಯಿಲ್ಲ. ಕಾಲಿನಲ್ಲಿ ಜೋಮು, ಉರಿ ಕಂಡರೆ ಅದು ಐಸೋನಿಯಾಜಿಡ್‌ನ ಪರಿಣಾಮ. ಪಿರಿಡಾಕ್ಸಿನ್ ಎಂಬ ಜೀವಸತ್ವವು ಅದನ್ನು ತಡೆಯುತ್ತದೆ. ಕೀಲುನೋವು ಪಿರಾಜಿನಮೈಡ್‌ನದು, ಸಾಮಾನ್ಯವಾಗಿ ಶಮನವಾಗುವಂತಹುದು. ಆದರೆ ಎರಡು ಲಕ್ಷಣಗಳನ್ನು ಒಂದು ದಿನವೂ ಕಡೆಗಣಿಸಬಾರದು. ಮೊದಲನೆಯದು ದೃಷ್ಟಿ ಮಂಜಾಗುವುದು ಅಥವಾ ಕೆಂಪು, ಹಸಿರುಗಳ ಭೇದ ತಿಳಿಯದಿರುವುದು, ಇದು ಎಥಾಂಬ್ಯುಟಾಲ್‌ನಿಂದಾಗಬಹುದು. ಎರಡನೆಯದು ಕಾಮಾಲೆ: ಕಣ್ಣು ಹಳದಿಯಾಗುವುದು, ಬಿಡದ ವಾಂತಿ, ಊಟ ಸೇರದಿರುವುದು. ಆಗ ಎಲ್ಲ ಮಾತ್ರೆಗಳನ್ನೂ ನಿಲ್ಲಿಸಿ ಅಂದೇ ವೈದ್ಯರಲ್ಲಿಗೆ ಹೋಗಬೇಕು. ಕಾಮಾಲೆಗೆ ಕೀಳಾನೆಲ್ಲಿ (ನಮ್ಮ ನೆಲನೆಲ್ಲಿ) ಅರೆದು ಕುಡಿಯುವುದು ಈ ಸೀಮೆಯಲ್ಲಿ ರೂಢಿ. ಅದನ್ನು ಕುಡಿಯುತ್ತ, ಇತ್ತ ಮಾತ್ರೆಯನ್ನೂ ನುಂಗುತ್ತಿದ್ದರೆ ಯಕೃತ್ತು ಕೈಮೀರಿ ಕೆಡಬಹುದು. ವೈದ್ಯರು ಯಕೃತ್ತು ಸುಧಾರಿಸಿದ ಮೇಲೆ ಔಷಧಗಳನ್ನು ಒಂದೊಂದಾಗಿ ಮರಳಿ ಆರಂಭಿಸುತ್ತಾರೆ. ಮದ್ಯಪಾನ ಮಾಡುವವರಿಗೆ ಈ ಅಪಾಯ ಹೆಚ್ಚು.

ರಿಫಾಂಪಿಸಿನ್ ಇತರ ಔಷಧಗಳನ್ನು ದೇಹದಿಂದ ಬೇಗನೆ ಹೊರಹಾಕಿಸುತ್ತದೆ. ಗರ್ಭನಿರೋಧಕ ಗುಳಿಗೆಯು ಫಲಿಸದೆ ಹೋಗಬಹುದು. ಸಕ್ಕರೆ ಕಾಯಿಲೆಯ ಕೆಲವು ಮಾತ್ರೆಗಳ ಬಲ ತಗ್ಗಬಹುದು. ಆದುದರಿಂದ ಬೇರೆ ಯಾವ ಔಷಧ ಸೇವಿಸುತ್ತಿದ್ದರೂ ಮೊದಲೇ ಹೇಳಬೇಕು. ಮಧುಮೇಹಿಗಳಿಗೆ ಕ್ಷಯ ತಗಲುವ ಸಂಭವ ಇತರರಿಗಿಂತ ಎರಡು ಮೂರು ಪಟ್ಟು ಅಧಿಕ. ಹೀಗಾಗಿ ಎಲ್ಲ ಕ್ಷಯರೋಗಿಗಳ ರಕ್ತದ ಸಕ್ಕರೆಯನ್ನೂ ಪರೀಕ್ಷಿಸಲಾಗುತ್ತದೆ. ಗರ್ಭಿಣಿಯರೂ ಹಾಲೂಡಿಸುವ ತಾಯಂದಿರೂ ಈ ನಾಲ್ಕು ಔಷಧಗಳನ್ನು ಸೇವಿಸಬಹುದು. ‘ಮದುವೆಯಾಗದ ಹುಡುಗಿ, ಊರಿಗೆ ತಿಳಿದರೆ ಗತಿಯೇನು’ ಎಂದು ಮಗಳ ರೋಗವನ್ನು ಮುಚ್ಚಿಡುವ ಮನೆಗಳಿವೆ. ಮುಚ್ಚಿಟ್ಟು ನುಂಗುವ ಔಷಧವೇ ಹೆಚ್ಚಾಗಿ ತಪ್ಪುವುದು.

ರೋಗಿಯ ಮನೆಯ ಮಕ್ಕಳಿಗೂ ಇತರರಿಗೂ ರೋಗವಿಲ್ಲವೆಂದು ಖಚಿತಪಡಿಸಿಕೊಂಡು ಮುನ್ನೆಚ್ಚರಿಕೆಯ ಔಷಧ ಕೊಡುವುದುಂಟು. ಆರು ತಿಂಗಳು ಐಸೋನಿಯಾಜಿಡ್ ಒಂದೇ ಆಗಿರಬಹುದು. ಮೇಲಿನ ಗಣಿತವನ್ನು ನೆನೆದ ವಿದ್ಯಾರ್ಥಿಯು ‘ಇಲ್ಲಿ ಒಂದೇ ಔಷಧ ಸಾಕೇ?’ ಎಂದು ಕೇಳಬಹುದು. ರೋಗ ತಲೆಯೆತ್ತದ ದೇಹದಲ್ಲಿ ಕ್ರಿಮಿಗಳು ಅತ್ಯಲ್ಪ; 10 ಲಕ್ಷಕ್ಕೊಂದು ಸಿಗುವ ಬಗ್ಗದ ಕ್ರಿಮಿ ಅಲ್ಲಿರುವುದು ಅಪರೂಪ. ಪರೀಕ್ಷೆಯಿಲ್ಲದೆ ಇದನ್ನು ಕೊಡಬಾರದೆಂಬುದಕ್ಕೂ ಅದೇ ಕಾರಣ.

ಐಸೋನಿಯಾಜಿಡ್, ರಿಫಾಂಪಿಸಿನ್ ಎರಡಕ್ಕೂ ಬಗ್ಗದ ಕ್ಷಯಕ್ಕೆ ಒಂದು ಕಾಲದಲ್ಲಿ ಎರಡು ವರ್ಷದವರೆಗೆ ಚಿಕಿತ್ಸೆ ನಡೆಯುತ್ತಿತ್ತು. ಚುಚ್ಚುಮದ್ದಿನಿಂದ ಕಿವುಡಾದವರೂ ಇದ್ದರು. 2024ರಲ್ಲಿ ಭಾರತವು ಇದಕ್ಕೆ ನುಂಗುವ ಔಷಧಗಳಷ್ಟೇ ಇರುವ ಆರು ತಿಂಗಳ ಕ್ರಮವನ್ನು ಅಂಗೀಕರಿಸಿತು. ಆದರೂ ಅದು ಎಲ್ಲರಿಗೂ ಹೊಂದದು. ಅಂತಹ ರೋಗಿಯು ಕೆಮ್ಮಿದಾಗ ಮನೆಯವರಿಗೆ ಅಂಟುವುದೂ ಬಗ್ಗದ ಕ್ಷಯವೇ.

ಊಟದ ವಿಷಯವನ್ನು ಮದರಾಸಿನ ಪ್ರಯೋಗದಿಂದ ತಪ್ಪಾಗಿ ತಿಳಿಯಬಾರದು. ಜಾರ್ಖಂಡಿನಲ್ಲಿ ನಡೆದು 2023ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ರೋಗಿಯ ಮನೆಮಂದಿಗೆ ಆಹಾರಧಾನ್ಯ ಒದಗಿಸಿದಾಗ ಅವರಲ್ಲಿ ಹೊಸದಾಗಿ ಕ್ಷಯ ಕಾಣಿಸಿಕೊಳ್ಳುವುದು ಸುಮಾರು ಶೇಕಡಾ 39ರಷ್ಟು ಇಳಿಯಿತು. ತಮಿಳುನಾಡಿನಲ್ಲಿ 2022ರಿಂದ, ತೀರ ಕೃಶರಾದವರನ್ನೂ ಉಸಿರಾಟಕ್ಕೆ ಕಷ್ಟಪಡುವವರನ್ನೂ ಎದ್ದು ನಿಲ್ಲಲಾರದವರನ್ನೂ ಆರಂಭದಲ್ಲಿಯೇ ಗುರುತಿಸಿ ಆಸ್ಪತ್ರೆಗೆ ಸೇರಿಸುವ ಯೋಜನೆ ನಡೆದಿದೆ. ಪೌಷ್ಟಿಕ ಆಹಾರಕ್ಕಾಗಿ ಕೇಂದ್ರ ಸರಕಾರವು 2018ರಿಂದ ತಿಂಗಳಿಗೆ 500 ರೂಪಾಯಿ ಕೊಡುತ್ತಿದ್ದುದನ್ನು 2024ರ ನವೆಂಬರಿನಿಂದ 1000 ರೂಪಾಯಿಗೆ ಏರಿಸಿತು. ಖಾಸಗಿ ವೈದ್ಯರಲ್ಲಿ ಚಿಕಿತ್ಸೆ ಪಡೆಯುವವರಿಗೂ ನೋಂದಣಿಯಾಗಿದ್ದರೆ ಇದು ಸಲ್ಲುತ್ತದೆ.

ಎರಡನೆಯ ತಿಂಗಳ ಕೊನೆಗೊಮ್ಮೆ, ಚಿಕಿತ್ಸೆಯ ಕೊನೆಗೊಮ್ಮೆ ಕಫವನ್ನು ಪರೀಕ್ಷಿಸುತ್ತಾರೆ. ಔಷಧ ಮುಗಿದ ಬಳಿಕವೂ ಎರಡು ವರ್ಷಗಳ ಕಾಲ ಆರು ತಿಂಗಳಿಗೊಮ್ಮೆ ಹೋಗಿ ತೋರಿಸಿಕೊಳ್ಳಬೇಕು. ಚಿಕಿತ್ಸೆ ಆರಂಭವಾದ ದಿನದ ತೂಕವನ್ನು ಮನೆಯ ಪಂಚಾಂಗದ ಅಂಚಿನಲ್ಲಿ ಬರೆದಿಟ್ಟುಕೊಂಡು, ತಿಂಗಳಿಗೊಮ್ಮೆ ಅದರ ಕೆಳಗೆ ಹೊಸ ತೂಕವನ್ನು ಬರೆಯುವ ಕೆಲಸವನ್ನು ಮನೆಯ ಶಾಲಾಮಕ್ಕಳಿಗೇ ವಹಿಸಬಹುದು. ತೂಕ ಏರುತ್ತ ಹೋದರೆ ಮಾತ್ರೆಯ ಸಂಖ್ಯೆಯೂ ಬದಲಾಗಬೇಕಾದೀತು. ಮುಂದಿನ ಭೇಟಿಯಲ್ಲಿ ಆ ಅಂಕಿಯನ್ನು ವೈದ್ಯರಿಗೆ ತೋರಿಸಬೇಕು.