ದೇವರ ವೇಳೆಗೆ ಕಾಯುವ ಸೇವಕರಿಗೆ ಆರು ಸೂತ್ರ

ಲಿಂಗಸುಗೂರು, ಮಸ್ಕಿ, ಸಿಂಧನೂರು ಕಡೆ ಬೈಬಲ್ ತರಬೇತಿ ಮುಗಿಸಿ ಸೇವೆಗಿಳಿದ ತಮ್ಮ-ತಂಗಿಯರು ಕೇಳುವುದು ಒಂದೇ ಪ್ರಶ್ನೆ: "ಅಣ್ಣಾ, ಸಭಾ ಯಾವಾಗ ಬೆಳಿತದ್ರಿ?" ಬೆಳೆಸುವವನು ಕರ್ತನು. ಅಲ್ಲಿಯವರೆಗೆ ನಮ್ಮ ಪಾಲಿನ ಕೆಲಸ ಬೇಕಾದಷ್ಟಿದೆ.

1. ಜನರ ದುಡಿಮೆಯ ಕಾಲ ತಿಳಿಯಿರಿ. ತುಂಗಭದ್ರಾ ಎಡದಂಡೆ ಕಾಲುವೆಗೆ ನೀರು ಬಿಟ್ಟರೆ ಸಿಂಧನೂರು ಕಡೆ ಭತ್ತದ ನಾಟಿ ಶುರು. ಹೆಣ್ಣುಮಕ್ಕಳು ಮನೆ ಸೇರುವುದು ಹೊತ್ತು ಮುಳುಗಿದ ಮೇಲೆ, ಮೊಣಕಾಲಿನ ಕೆಸರು ತೊಳೆದು ಒಲೆ ಹಚ್ಚಬೇಕು. ಆ ದಿನಗಳಲ್ಲಿ ಸಂಜೆ ಆರಕ್ಕೆ ಕೂಟ ಇಟ್ಟು, ಯಾರೂ ಬರಲಿಲ್ಲವೆಂದು ನೊಂದುಕೊಳ್ಳಬೇಡಿ. ಮಳೆಯನ್ನೇ ನಂಬಿದ ಮಸ್ಕಿ, ಲಿಂಗಸುಗೂರಿನ ಹಳ್ಳಿಗಳಲ್ಲಿ ಸುಗ್ಗಿ ಮುಗಿದರೆ ಎಷ್ಟೋ ಮನೆಗಳಿಗೆ ಬೀಗ ಬೀಳುತ್ತದೆ. ಕಟ್ಟಡ ಕೆಲಸಕ್ಕೆ ಬೆಂಗಳೂರಿಗೆ, ಪುಣೆಗೆ ಗುಳೆ. ಜಮಖಾನ ಖಾಲಿಯಾದ ಮಾತ್ರಕ್ಕೆ ಸೇವೆ ಸೋತಿಲ್ಲ. ಹೋದವರಿಗೆ ಭಾನುವಾರ ರಾತ್ರಿ ಫೋನ್ ಮಾಡಿ, ಮಕ್ಕಳ ಹೆಸರು ಹಿಡಿದು ಪ್ರಾರ್ಥಿಸಿ. ಊರಲ್ಲೇ ಉಳಿದ ಮುದುಕರಿಗೆ ಔಷಧಿ ಮುಟ್ಟಿಸಿ.

2. ದೀಕ್ಷಾಸ್ನಾನಕ್ಕೆ ಯಾರನ್ನೂ ಅವಸರ ಮಾಡಬೇಡಿ, ಯಾವ ಆಸೆಯನ್ನೂ ತೋರಿಸಬೇಡಿ. ಎರೆಹೊಲದಲ್ಲಿ ಹದ ನೋಡದೆ ಕೂರಿಗೆ ಹೂಡುವವರುಂಟೇ? ಮಿಶನರಿ ವಿಲಿಯಂ ಕೇರಿ 1793ರಲ್ಲಿ ಬಂಗಾಳಕ್ಕೆ ಬಂದರು. ಅವರ ಸೇವೆಯ ಮೊದಲ ಬಂಗಾಳಿ ವಿಶ್ವಾಸಿ ಕೃಷ್ಣ ಪಾಲ್ ದೀಕ್ಷಾಸ್ನಾನ ಪಡೆದದ್ದು 1800ರ ಡಿಸೆಂಬರಿನಲ್ಲಿ.

3. ಬೇಗ ಫಲ ಕಾಣದ ಕೆಲಸವೊಂದನ್ನು ಹಿಡಿಯಿರಿ. ಇದನ್ನು ಒತ್ತಿ ಹೇಳುತ್ತೇನೆ. ಮಿಶನರಿ ಜಾನ್ ಹ್ಯಾಂಡ್ಸ್ ಬಳ್ಳಾರಿಗೆ ಬಂದದ್ದು 1810ರಲ್ಲಿ; ಅವರು ಅನುವಾದಕ್ಕೆ ಕೈಹಾಕಿದ ಕನ್ನಡ ಬೈಬಲ್ ಇಡಿಯಾಗಿ ಅಚ್ಚಾದದ್ದು 1831ರಲ್ಲಿ. ಬಾಸೆಲ್ ಮಿಶನ್ನಿನ ಫರ್ಡಿನೆಂಡ್ ಕಿಟೆಲ್ 1853ರಲ್ಲಿ ಭಾರತಕ್ಕೆ ಬಂದರು. ಅವರ ಕನ್ನಡ ನಿಘಂಟು ಮಂಗಳೂರಿನಲ್ಲಿ ಹೊರಬಂದದ್ದು 1894ರಲ್ಲಿ. ಇಂಥವರನ್ನು ತಿಂಗಳ ವರದಿಯಲ್ಲಿ ಅಳೆಯಲಾದೀತೇ? ನಿಮ್ಮ ಪಾಲಿಗೂ ಅಂಥ ಕೆಲಸವಿದೆ: ಬೈಬಲ್ ಕೈಗೆ ಬಂದರೂ ಓದಲು ಬಾರದ ಅಕ್ಕಂದಿರು ನಿಮ್ಮ ಸಭೆಯಲ್ಲಿದ್ದಾರೆ. ದಿನಕ್ಕೆ ಅರ್ಧ ಗಂಟೆ ಕೂತು ಅಕ್ಷರ ಕಲಿಸಿ. ಆ ಅಕ್ಕ ಯೋಹಾನನ ಸುವಾರ್ತೆಯ ಒಂದು ವಚನವನ್ನು ಬೆರಳಿಟ್ಟು ತಾನೇ ಓದಲು ವರ್ಷ ಹಿಡಿದರೆ ಹಿಡಿಯಲಿ.

4. ಸಾಲ ಮಾಡಿ ಸಭಾಮಂದಿರ ಕಟ್ಟಬೇಡಿ. ಬಡ್ಡಿ ಕಟ್ಟುವ ಚಿಂತೆ ಹೊಕ್ಕರೆ ಪ್ರಸಂಗದ ತುಂಬ ಕಾಣಿಕೆಯದೇ ಮಾತು. ತಗಡಿನ ಚಪ್ಪರ ಸಾಕು.

5. ಬಾಗಿಲು ಮುಚ್ಚಿದರೆ ಕದ ಒದೆಯಬೇಡಿ. ಅಪೊಸ್ತಲರ ಕೃತ್ಯಗಳ 16ನೇ ಅಧ್ಯಾಯದಲ್ಲಿ ಪೌಲನನ್ನು ಆಸ್ಯ ಸೀಮೆಯಲ್ಲಿ ವಾಕ್ಯ ಸಾರದಂತೆ, ಬಿಥೂನ್ಯಕ್ಕೆ ಹೋಗದಂತೆ ಪವಿತ್ರಾತ್ಮನೇ ತಡೆದನು. ದಾರಿ ಮಕೆದೋನ್ಯದ ಕಡೆ ತೆರೆಯಿತು. ಒಂದು ಹಳ್ಳಿಯವರು ಬೇಡ ಎಂದರೆ ನಮಸ್ಕಾರ ಹೇಳಿ ಬನ್ನಿ. ಜಗಳವಾಡಿ ಉಳಿಸಿಕೊಂಡ ಜಾಗದಲ್ಲಿ ಸಮಾಧಾನದ ಸುವಾರ್ತೆ ಸಾರುವುದು ಹೇಗೆ?

6. ಒಮ್ಮೆ ಮುದಗಲ್ಲಿಗೆ ಹೋಗಿ. ನಮ್ಮ ಲಿಂಗಸುಗೂರು ತಾಲ್ಲೂಕಿನದೇ ಊರು. ಆದಿಲಶಾಹಿ ಕಾಲದಲ್ಲಿ ಬೇರೂರಿದ ಕಥೋಲಿಕ ಸಭೆ ಅಲ್ಲಿ ಇಂದಿಗೂ ಇದೆ; ಊರಿನ ಕೋಟೆಯನ್ನು ಆಳಿದ ಮನೆತನಗಳು ಒಂದಾದ ಮೇಲೊಂದು ಹೋದವು. ಪಂಥ ಬೇರೆಯೆಂದು ಹಿಂಜರಿಯಬೇಡಿ. ಹಿರಿಯರ ಹತ್ತಿರ ಕೂತು ಕೇಳಿ: ಬರಗಾಲದ ವರ್ಷಗಳಲ್ಲಿ ನಿಮ್ಮ ಮನೆಯಲ್ಲಿ ಪ್ರಾರ್ಥನೆ ಹೇಗೆ ನಡೆಯಿತು, ಮಕ್ಕಳಿಗೆ ಅದನ್ನು ಕಲಿಸಿದವರು ಯಾರು? ಅವರು ಹೇಳಿದ್ದನ್ನು ಬರೆದುಕೊಂಡು ಬಂದು ನಿಮ್ಮ ಸಭೆಯ ಯುವಕರಿಗೆ ಓದಿ ಹೇಳಿ.