ಗಾಯವಾದ ಹೇಂಟೆಗೆ ಮೊದಲು ಬೇಕಾದದ್ದು ಮಂಕರಿ

ನಾಯಿ ಕಚ್ಚಿದ, ಮುಂಗುಸಿ ಹಿಡಿದು ಬಿಟ್ಟ, ಗಿಡುಗ ಎರಗಿ ಬೆನ್ನು ಸೀಳಿದ ಹೇಂಟೆ ಕೈಗೆ ಸಿಕ್ಕಾಗ ಹಿತ್ತಲಲ್ಲಿ ಕೋಳಿ ಸಾಕುವವರ ಕೈ ಮೊದಲು ಹೋಗುವುದು ಅರಿಶಿನದ ಡಬ್ಬಿಗೆ. ಒಬ್ಬರು ಬಾಯಿ ಬಿಡಿಸಿ ನೀರು ಹಾಕುತ್ತಾರೆ, ಇನ್ನೊಬ್ಬರು ಮನೆಯಲ್ಲಿದ್ದ ಮಾತ್ರೆ ಅರೆದು ಕುಡಿಸುತ್ತಾರೆ. ಆಮೇಲೆ ಕೋಳಿಯನ್ನು ಮತ್ತೆ ಅಂಗಳಕ್ಕೆ ಬಿಡುತ್ತಾರೆ, ನಾಲ್ಕು ಹೆಜ್ಜೆ ನಡೆದರೆ ಬದುಕಿತು ಎಂದುಕೊಳ್ಳುತ್ತಾರೆ. ಇಷ್ಟು ವರ್ಷ ಕೋಳಿಗಳನ್ನು ನೋಡಿಕೊಂಡು ಬಂದು ನನಗೆ ಮನವರಿಕೆಯಾಗಿರುವ ಮಾತು ಒಂದೇ: ಅಷ್ಟೇನೂ ಆಳವಲ್ಲದ ಗಾಯವಾದ ಕೋಳಿಯೂ ಸಾಯುತ್ತದೆ, ಏಕೆಂದರೆ ಮೊದಲ ಹಗಲು ರಾತ್ರಿಯಲ್ಲಿ ಅದಕ್ಕೆ ಬೇಕಾದದ್ದು ಸಿಗುವುದಿಲ್ಲ, ಬೇಡವಾದದ್ದೆಲ್ಲ ಸಿಗುತ್ತದೆ. ಬೇಕಾದದ್ದು ಮರೆ, ಬೆಚ್ಚಗಿನ ಜಾಗ, ನಿಶ್ಶಬ್ದ. ಮದ್ದಿನ ಸರದಿ ಅದಾದ ಮೇಲೆ.

ಕಾರಣ ಕೋಳಿಯ ಮೈಯಲ್ಲೇ ಇದೆ. ಅದರ ಮೈಯ ಬಿಸಿ ಸುಮಾರು 41 ಡಿಗ್ರಿ ಸೆಲ್ಸಿಯಸ್, ನಮಗಿಂತ ನಾಲ್ಕು ಡಿಗ್ರಿ ಹೆಚ್ಚು. ಪುಕ್ಕ ಕಿತ್ತು, ರಕ್ತ ಹೋಗಿ, ಹೆದರಿಕೆಯಿಂದ ಕಂಗೆಟ್ಟ ಕೋಳಿಗೆ ಆ ಬಿಸಿಯನ್ನು ಉಳಿಸಿಕೊಳ್ಳುವುದೇ ಕಷ್ಟ. ಒಂದೂವರೆ ಕಿಲೋ ತೂಗುವ ಹೇಂಟೆಯ ಮೈಯಲ್ಲಿ ಇರುವ ರಕ್ತವೇ ನೂರು ಮಿಲಿಲೀಟರ್ ಆಸುಪಾಸು. ಕೆಂಪು ಕಂಡರೆ ಉಳಿದ ಕೋಳಿಗಳು ಕುಕ್ಕುತ್ತವೆ. ಅಲ್ಲಿಯವರೆಗೆ ಜೊತೆಯಲ್ಲಿ ಮೇಯುತ್ತಿದ್ದವೇ ಗಾಯವನ್ನು ಅಗಲ ಮಾಡುತ್ತವೆ. ಆದ್ದರಿಂದ ಮಂಕರಿ ಕವುಚಿ, ಕೆಳಗೆ ಒಣ ಹುಲ್ಲು ಹಾಸಿ, ಮೇಲೆ ಗಾಳಿಯಾಡುವಂತೆ ಗೋಣಿತಾಟು ಹೊದಿಸಿ ಮನೆಯ ಮೂಲೆಯಲ್ಲಿಡುವುದೇ ಮೊದಲ ಚಿಕಿತ್ಸೆ. ಮಲೆನಾಡಿನ ಮಳೆಗಾಲದಲ್ಲಿ ಬಿಸಿ ಸಾಲದಿದ್ದರೆ ಬಿಸಿನೀರಿನ ಬಾಟಲಿಗೆ ಬಟ್ಟೆ ಸುತ್ತಿ ಪಕ್ಕದಲ್ಲಿಡಬಹುದು. ರಾಯಚೂರಿನ ಬೇಸಿಗೆಯಲ್ಲಿ ಅದರ ಅಗತ್ಯವೇ ಇಲ್ಲ. ಎತ್ತುವಾಗ ಎದೆಯನ್ನು ಬಿಗಿಯಾಗಿ ಹಿಡಿಯಬಾರದು. ನಮ್ಮ ಹಾಗೆ ಕೋಳಿಗೆ ವಪೆ ಇಲ್ಲ. ಎದೆಮೂಳೆ ಏರಿಳಿದರೆ ಮಾತ್ರ ಅದಕ್ಕೆ ಉಸಿರು. ಅಮುಕಿದರೆ ಉಸಿರು ಕಟ್ಟುತ್ತದೆ.

“ಕಾಳು ತಿನ್ನುತ್ತಿದೆ, ಏನೂ ಆಗಿಲ್ಲ” ಎನ್ನುವವರಿದ್ದಾರೆ. ಬೇಟೆಗೆ ಸಿಗುವ ಪ್ರಾಣಿ ನೋವನ್ನು ತೋರಿಸಿಕೊಳ್ಳುವುದಿಲ್ಲ. ನಾಯಿಯ ಹಲ್ಲು ಪುಕ್ಕದ ಅಡಿಯಲ್ಲಿ ಸಣ್ಣ ತೂತು ಮಾಡಿ ಒಳಗೆ ಮಾಂಸವನ್ನು ಜಜ್ಜಿರುತ್ತದೆ, ಹೊರಗೆ ಒಂದು ಹನಿ ರಕ್ತ ಕಾಣದೆಯೂ ಇರಬಹುದು. ಪುಕ್ಕ ಸರಿಸಿ, ರೆಕ್ಕೆಯ ಕೆಳಗೆ, ಬಾಲದ ಬುಡದಲ್ಲಿ ಬೆರಳಾಡಿಸಿ ನೋಡದೆ ಏನನ್ನೂ ಹೇಳಲಾಗದು.

ಬಾಯಿಗೆ ನೀರು ಹುಯ್ಯುವುದರ ವಿರುದ್ಧ ನಾನು ಬಲವಾಗಿ ಹೇಳುತ್ತೇನೆ. ಕೋಳಿಯ ಉಸಿರುಕೊಳವೆಯ ಬಾಯಿ ನಾಲಿಗೆಯ ಬುಡದಲ್ಲೇ ಇದೆ. ಸೋತ ಕೋಳಿಗೆ ಅದನ್ನು ಮುಚ್ಚಿಕೊಳ್ಳಲು ಶಕ್ತಿ ಇರುವುದಿಲ್ಲ, ಹುಯ್ದ ನೀರು ನೇರ ಶ್ವಾಸಕ್ಕೆ ಹೋಗುತ್ತದೆ. ಅಗಲ ಬಾಯಿಯ ಬಟ್ಟಲಲ್ಲಿ ನೀರಿಟ್ಟು ಕೊಕ್ಕಿನ ತುದಿಯನ್ನು ಒಮ್ಮೆ ಅದ್ದಿದರೆ ಸಾಕು, ಬೇಕಿದ್ದರೆ ಅದೇ ಕುಡಿಯುತ್ತದೆ.

ಕೋಳಿ ಸುಧಾರಿಸಿಕೊಂಡ ಮೇಲೆ ಗಾಯ ತೊಳೆಯಬೇಕು. ರಕ್ತ ಜಿನುಗುತ್ತಿದ್ದರೆ ಮಾತ್ರ ಶುದ್ಧ ಬಟ್ಟೆಯಿಂದ ಅದನ್ನು ಮೊದಲೇ ಒತ್ತಿ ಹಿಡಿಯಬೇಕು. ಮುರಿದ ಉಗುರಿಗೆ ಚಿಟಿಕೆ ಮೈದಾ ಒತ್ತಿದರೂ ನಿಲ್ಲುತ್ತದೆ. ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ 9 ಗ್ರಾಂ ಉಪ್ಪು ಕರಗಿಸಿದರೆ ತೊಳೆಯುವ ನೀರು ಸಿದ್ಧ. ಸುತ್ತಲಿನ ಪುಕ್ಕ ಕತ್ತರಿಸಿ, ಮಣ್ಣು ಹಿಕ್ಕೆ ಹೋಗುವವರೆಗೆ ತೊಳೆದು, ತೆಳು ಚಹಾದ ಬಣ್ಣಕ್ಕೆ ಬರುವಷ್ಟು ನೀರು ಬೆರೆಸಿದ ಪೊವಿಡೋನ್ ಅಯೋಡಿನ್ ಹಚ್ಚಬಹುದು. ಬೆನ್ನಿನಲ್ಲೋ ಹೊಟ್ಟೆಯ ಪಕ್ಕದಲ್ಲೋ ಆಳವಾದ ತೂತಿದ್ದರೆ ಒಳಗೆ ನೀರು ಬಿಡಬಾರದು; ಹಕ್ಕಿಯ ಶ್ವಾಸಕ್ಕೆ ಸೇರಿದ ಗಾಳಿಚೀಲಗಳು ಮೈಯೊಳಗೆಲ್ಲ ಹರಡಿರುತ್ತವೆ. ಈಗ ಅರಿಶಿನದ ಮಾತು. ಅಜ್ಜಿಯರ ಕಾಲದಿಂದ ಹಚ್ಚುತ್ತಿದ್ದೇವೆ, ವಾಸಿಯಾಗಿಲ್ಲವೇ ಎಂಬ ಪ್ರಶ್ನೆಯನ್ನು ನಾನು ಹಗುರವಾಗಿ ತಳ್ಳಿಹಾಕುವುದಿಲ್ಲ. ಅರಿಶಿನದ ಕರ್ಕ್ಯುಮಿನ್‌ಗೆ ರೋಗಾಣುಗಳನ್ನು ತಡೆಯುವ ಗುಣವಿದೆ ಎಂದು ಪ್ರಯೋಗಾಲಯಗಳು ತೋರಿಸಿವೆ. ಆದರೆ ತೊಳೆಯದ ಗಾಯದ ಮೇಲೆ ಪುಡಿ ಸುರಿದಾಗ ಅದು ರಕ್ತದ ಜೊತೆ ಗಟ್ಟಿಯಾಗಿ ಕೂತು ಕೆಳಗಿನ ಕೊಳೆಯನ್ನು ಮುಚ್ಚಿಡುತ್ತದೆ. ಕೋಳಿಯ ಕೀವು ನಮ್ಮ ಕೀವಿನಂತೆ ಹರಿಯುವುದಿಲ್ಲ, ಗಟ್ಟಿ ಗಡ್ಡೆಯಾಗುತ್ತದೆ. ಮುಚ್ಚಿದ ಗಾಯದೊಳಗೆ ಅದು ಕೂತರೆ ತಾನಾಗಿ ಹೊರಗೆ ಬರದು. ಅಂಗಡಿಯ ಅರಿಶಿನ ಪುಡಿಗೆ ಬಣ್ಣಕ್ಕಾಗಿ ಸೀಸದ ಕ್ರೋಮೇಟ್ ಬೆರೆಸಿರುವುದೂ ಪರೀಕ್ಷೆಗಳಲ್ಲಿ ಸಿಕ್ಕಿಬಿದ್ದಿದೆ. ವಾಸಿಯಾದ ಕೋಳಿಗಳು ಅರಿಶಿನದಿಂದಲೇ ವಾಸಿಯಾದವು ಎನ್ನಲು ಆಧಾರವಿಲ್ಲ. ಹಕ್ಕಿಯ ಚರ್ಮ ಶುದ್ಧವಾಗಿದ್ದರೆ ತಾನೇ ಬೇಗ ಕೂಡಿಕೊಳ್ಳುತ್ತದೆ. ಹಚ್ಚಲೇಬೇಕೆನ್ನುವವರು ತೊಳೆದ ಮೇಲೆ, ಮನೆಯಲ್ಲೇ ಕುಟ್ಟಿದ ಕೊಂಬಿನ ಪುಡಿಯನ್ನು ತೆಳುವಾಗಿ ಹಚ್ಚಲಿ.

ನೊಣವನ್ನು ಮಾತ್ರ ಮರೆಯಬಾರದು. ಸೆಖೆಯ ದಿನಗಳಲ್ಲಿ ನೊಣದ ಮೊಟ್ಟೆ ಒಂದು ದಿನದೊಳಗೆ ಒಡೆದು ಹುಳುವಾಗುತ್ತದೆ. ಸೊಳ್ಳೆಪರದೆಯ ತುಂಡನ್ನು ಮಂಕರಿಗೆ ಹೊದಿಸಿ, ಬೆಳಿಗ್ಗೆ ಸಂಜೆ ಗಾಯ ನೋಡಬೇಕು. ಹುಳು ಕಂಡರೆ ಚಿಮಟದಿಂದ ತೆಗೆದು ಮತ್ತೆ ತೊಳೆಯಬೇಕು. ಸೀಮೆಎಣ್ಣೆ ಹುಯ್ಯುವುದು ಹುಳುವಿನ ಜೊತೆ ಜೀವಂತ ಮಾಂಸವನ್ನೂ ಸುಡುತ್ತದೆ.

ನಮ್ಮ ನೋವಿನ ಮಾತ್ರೆಯನ್ನು ಕೋಳಿಗೆ ಕೊಡಬಾರದು ಎನ್ನಲು ಈ ದೇಶದ ಆಕಾಶವೇ ಸಾಕ್ಷಿ. ಡೈಕ್ಲೋಫೆನಾಕ್ ಕೊಟ್ಟ ದನಗಳ ಹೆಣ ತಿಂದ ರಣಹದ್ದುಗಳು ಮೂತ್ರಪಿಂಡ ಕೆಟ್ಟು ಸತ್ತವು. 2006ರಲ್ಲಿ ಭಾರತ ಸರ್ಕಾರ ಪಶುಗಳಿಗೆ ಆ ಔಷಧ ಬಳಸುವುದನ್ನು ನಿಷೇಧಿಸಿತು. ರಾಮನಗರದ ರಾಮದೇವರ ಬೆಟ್ಟ 2012ರಲ್ಲಿ ರಣಹದ್ದು ಧಾಮವಾದದ್ದು ಉಳಿದ ಕೆಲವನ್ನಾದರೂ ಕಾಪಾಡಲು. ನಮಗೆ ಹಿತವಾದ ಮದ್ದು ಹಕ್ಕಿಗೆ ವಿಷವಾಗಬಹುದು. ಆಂಟಿಬಯಾಟಿಕ್ ಕೂಡ ಪಶುವೈದ್ಯರು ಹೇಳಿದರೆ ಮಾತ್ರ. ಕೊಟ್ಟ ಮೇಲೆ ಎಷ್ಟು ದಿನ ಮೊಟ್ಟೆ ತಿನ್ನಬಾರದೆಂದು ಅವರನ್ನೇ ಕೇಳಬೇಕು.

ಇಷ್ಟೆಲ್ಲ ಒಂದು ಕೋಳಿಗೇಕೆ, ಸಾರು ಮಾಡಿದರೆ ಮುಗಿಯಿತಲ್ಲ ಎನ್ನುವ ಮಾತನ್ನೂ ಎದುರಿಸಬೇಕು. ಕಾಲು ಜಜ್ಜಿಹೋಗಿ, ಕರುಳು ಹೊರಬಿದ್ದ ಕೋಳಿಯನ್ನು ಉಳಿಸುತ್ತೇನೆಂದು ನರಳಿಸುವುದು ಕ್ರೌರ್ಯ. ಅದನ್ನು ತಡಮಾಡದೆ ಮುಗಿಸುವುದೇ ದಯೆ ಎಂದು ನಾನೂ ಒಪ್ಪುತ್ತೇನೆ. ಆದರೆ ಚರ್ಮ ಹರಿದ, ಪುಕ್ಕ ಕಿತ್ತ ಹೇಂಟೆಯ ವಿಷಯ ಬೇರೆ. ಕಾವು ಕೂತು, ಮರಿ ಮಾಡಿ, ಹದ್ದು ಕಂಡರೆ ಮರಿಗಳನ್ನು ರೆಕ್ಕೆಯಡಿ ಸೇರಿಸಿಕೊಳ್ಳುವ ನಾಟಿ ಹೇಂಟೆ ಒಂದು ಮನೆಯ ಕೋಳಿ ಸಂಸಾರಕ್ಕೆ ಬುಡ. ಸಂತೆಯಲ್ಲಿ ಇನ್ನೊಂದು ಕೋಳಿ ಸಿಗುತ್ತದೆ, ಆದರೆ ಅದು ಕಾವು ಕೂರುತ್ತದೆಯೋ ಇಲ್ಲವೋ ತಂದು ಸಾಕಿದ ಮೇಲೆಯೇ ಗೊತ್ತಾಗುವುದು. ನಮ್ಮ ಅಂಗಳ ನಂಬಿ ಬದುಕುವ ಜೀವ ಎಂಬ ಋಣವೂ ಇದೆ. ಕತ್ತು ತಿರುಚಿಕೊಂಡು, ಹಸಿರು ಹಿಕ್ಕೆ ಹಾಕುತ್ತ, ಒಂದರ ಹಿಂದೆ ಒಂದು ಕೋಳಿ ಮಲಗುತ್ತಿದ್ದರೆ ಅದು ಗಾಯವಲ್ಲ, ಕೊಕ್ಕರೆ ರೋಗವೋ ಹಕ್ಕಿಜ್ವರವೋ ಇರಬಹುದು. ಮನೆಮದ್ದು ಬಿಟ್ಟು ಪಶು ಆಸ್ಪತ್ರೆಗೆ ತಿಳಿಸಿ.

ಗಾಯ ಒಣಗಿ ಪುಕ್ಕ ಮೂಡುವವರೆಗೆ ಹೇಂಟೆಯನ್ನು ಹಿಂಡಿಗೆ ಬಿಡಬೇಡಿ. ಅಲ್ಲಿಯವರೆಗೆ ಹಗಲು ಹೊತ್ತು ಮಂಕರಿಯನ್ನು ಉಳಿದ ಕೋಳಿಗಳ ಕಣ್ಣಿಗೆ ಬೀಳುವಲ್ಲಿಡಿ. ಕಣ್ಮರೆಯಾದ ಕೋಳಿಯನ್ನು ಹಿಂಡು ಹೊಸಬಳೆಂದೇ ಕಾಣುತ್ತದೆ, ಹೊಡೆದಾಟ ಮತ್ತೆ ಮೊದಲಿನಿಂದ ಶುರುವಾಗುತ್ತದೆ. ಬಿಡುವಾಗ ಕತ್ತಲಾದ ಮೇಲೆ ಗೂಡಿಗೆ ಸೇರಿಸಿ, ಮಾರನೆಯ ಬೆಳಿಗ್ಗೆ ಗೂಡಿನ ಬಾಗಿಲು ತೆಗೆಯುವಾಗ ನೀವೇ ಹತ್ತಿರ ಇರಿ.