ಲಕ್ಷಣ ತೋರದ ಇನ್‌ಫ್ಲುಯೆಂಜಾ

ಇನ್‌ಫ್ಲುಯೆಂಜಾ ಜ್ವರವನ್ನು ಹರಡುವವರು ಯಾರೆಂದು ಕೇಳಿದರೆ ಕೆಮ್ಮುವವರು, ಸೀನುವವರು ಎಂದು ನಾವು ತಟ್ಟನೆ ಹೇಳುತ್ತೇವೆ. ನಾನೂ ಹಾಗೆಯೇ ನಂಬಿದ್ದೆ. ಹೋದ ವರ್ಷ ಗೌರಿಹಬ್ಬಕ್ಕೆ ಹಾಸ್ಟೆಲಿನಿಂದ ಊರಿಗೆ ಹೋದ ಮೂರನೆಯ ದಿನ ನಮ್ಮ ಅಜ್ಜಿಗೆ ವಿಪರೀತ ಜ್ವರ, ಮೈಕೈ ನೋವು. ನೆರೆಮನೆಯ ಹುಡುಗನೊಬ್ಬ ಕೆಮ್ಮುತ್ತ ನಮ್ಮ ಜಗಲಿಯ ಮೇಲೆ ಆಡುತ್ತಿದ್ದ, ತಪ್ಪೆಲ್ಲ ಅವನದಾಯಿತು. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೊಬ್ಬನೇ ಆದ್ದರಿಂದ ಅವ್ವ ನನ್ನನ್ನೇ ಕೇಳಿದಳು. ‘ಹೌದು, ಅವನಿಂದಲೇ’ ಎಂದು ತೀರ್ಪು ಕೊಟ್ಟುಬಿಟ್ಟೆ. ಊರಿಗೆ ಹೊರಡುವ ಮುನ್ನ ಹಾಸ್ಟೆಲಿನಲ್ಲಿ ನನ್ನ ಪಕ್ಕದವನು ಜ್ವರದಿಂದ ಮಲಗಿದ್ದುದೂ, ನನಗೆ ಒಂದು ಸೀನೂ ಬರಲಿಲ್ಲವೆಂದು ನಾನು ಜಂಭ ಕೊಚ್ಚಿದ್ದೂ ಆಗ ನೆನಪಿಗೇ ಬರಲಿಲ್ಲ.

ಈ ವಿಷಯವಾಗಿ ಓದತೊಡಗಿದ ಮೇಲೆ ನನ್ನ ತೀರ್ಪು ಅಲುಗಾಡಿತು. ದಕ್ಷಿಣ ಆಫ್ರಿಕದ ಸಂಶೋಧಕರು ೨೦೧೭ ಮತ್ತು ೨೦೧೮ರಲ್ಲಿ ಒಂದು ಹಳ್ಳಿಗಾಡಿನಲ್ಲಿಯೂ ಕ್ಲರ್ಕ್ಸ್‌ಡಾರ್ಪ್ ಪಟ್ಟಣದಲ್ಲಿಯೂ ಅನೇಕ ಮನೆಗಳನ್ನು ಆರಿಸಿಕೊಂಡು, ರೋಗವಿರಲಿ ಇಲ್ಲದಿರಲಿ, ಮನೆಯವರೆಲ್ಲರ ಮೂಗಿನ ದ್ರವವನ್ನು ವಾರಕ್ಕೆ ಎರಡು ಸಲ ಪರೀಕ್ಷಿಸಿದರು. ಕಾಯಿಲೆಯವರನ್ನು ಮಾತ್ರ ಪರೀಕ್ಷಿಸಿದರೆ ಕಾಯಿಲೆಯಿಲ್ಲದ ಸೋಂಕು ಕಾಣುವುದಾದರೂ ಹೇಗೆ? ಈ ಕ್ರಮದಿಂದ ಹೊರಬಿದ್ದ ಸಂಗತಿ: ಸೋಂಕುಗಳಲ್ಲಿ ನೂರಕ್ಕೆ ೫೬ ಮಾತ್ರ ಲಕ್ಷಣ ತೋರಿದ್ದವು, ಉಳಿದವರು ಓಡಾಡಿಕೊಂಡೇ ಇದ್ದರು. ಇಂಗ್ಲೆಂಡಿನಲ್ಲಿ ೨೦೦೬ರಿಂದ ೨೦೧೧ರವರೆಗೆ ರಕ್ತಪರೀಕ್ಷೆಯ ಮೂಲಕ ನಡೆದ ಅಧ್ಯಯನದಲ್ಲಿ ಇಂಥವರ ಪಾಲು ಮುಕ್ಕಾಲಿನಷ್ಟು. ಅಳೆಯುವ ವಿಧಾನ ಬೇರೆಯಾದಂತೆ ಲೆಕ್ಕವೂ ಬೇರೆಯಾಗುತ್ತದೆ.

ಆದರೆ ಮೂಗಿನಲ್ಲಿ ವೈರಸ್ ಇರುವುದು ಬೇರೆ, ಅದನ್ನು ಇನ್ನೊಬ್ಬರಿಗೆ ದಾಟಿಸುವುದು ಬೇರೆ. ಇಲ್ಲಿ ಅವಸರದ ತೀರ್ಮಾನ ಸಲ್ಲದು. ಲಕ್ಷಣವಿಲ್ಲದವರು ಸಾಮಾನ್ಯವಾಗಿ ಕಡಿಮೆ ವೈರಸ್ಸನ್ನು, ಕಡಿಮೆ ದಿನ ಹೊರಹಾಕುತ್ತಾರೆ. ಅದೇ ದಕ್ಷಿಣ ಆಫ್ರಿಕದ ಮನೆಗಳಲ್ಲಿ ಇಂಥವರೊಡನೆ ಬಾಳುತ್ತಿದ್ದ ೫೦೯ ಮಂದಿಯಲ್ಲಿ ೨೯ ಮಂದಿಗೆ, ಅಂದರೆ ನೂರಕ್ಕೆ ಸುಮಾರು ಆರು ಮಂದಿಗೆ, ಸೋಂಕು ತಗಲಿತು. ಅಲ್ಪವೇ ಸರಿ, ಸೊನ್ನೆಯಲ್ಲ. ಕೆಮ್ಮಿಲ್ಲದಿದ್ದರೂ ಉಸಿರಾಟದಲ್ಲಿ, ಮಾತಿನಲ್ಲಿ ಸೂಕ್ಷ್ಮ ಹನಿಗಳು ಹೊರಬೀಳುತ್ತವೆ. ಜ್ವರದವನು ಚಾಪೆ ಹಿಡಿಯುತ್ತಾನೆ. ಸೋಂಕಿದ್ದೂ ಲಕ್ಷಣವಿಲ್ಲದವನು ಬಸ್ಸು ಹತ್ತುತ್ತಾನೆ, ಹಬ್ಬದೂಟಕ್ಕೆ ಎಲೆಯ ಮುಂದೆ ಕೂರುತ್ತಾನೆ. ನಾನು ಅಜ್ಜಿಯ ಪಕ್ಕದಲ್ಲಿಯೇ ಕುಳಿತು ಉಂಡಿದ್ದೆ. ಇದಲ್ಲದೆ, ಮುಂದೆ ಜ್ವರ ಬರಲಿರುವವನೂ ಅದಕ್ಕೆ ಒಂದು ದಿನ ಮೊದಲೇ ಸೋಂಕು ಹರಡಬಲ್ಲನು. ಅದು ಬೇರೆಯ ವರ್ಗ, ಎರಡನ್ನೂ ಬೆರೆಸಬಾರದು.

ಅಜ್ಜಿಯದು ಇನ್‌ಫ್ಲುಯೆಂಜಾವೇ ಎಂದು ಯಾರೂ ಪರೀಕ್ಷಿಸಲಿಲ್ಲ; ಹತ್ತು ದಿನಕ್ಕೆ ಎದ್ದು ಕುಳಿತಳು. ತಂದವನು ನಾನೋ, ಆ ಹುಡುಗನೋ, ಸಂತೆಗೆ ಹೋಗಿಬಂದ ಅಪ್ಪನೋ ಹೇಳಲಾಗದು. ದೀಪಾವಳಿಗೆ ಹೋದಾಗ ಅವ್ವನಿಗೆ ಇದನ್ನೆಲ್ಲ ವಿವರಿಸಿದೆ. ‘ಕೆಮ್ಮದವನಿಂದ ಎಲ್ಲಿಯ ಕೆಮ್ಮೋ!’ ಎಂದು ನಕ್ಕಳು. ಹುಡುಗನನ್ನು ಜಗಲಿಗೆ ಕರೆದೆ. ಅವನು ಬೀದಿಯಲ್ಲಿಯೇ ನಿಂತು, ಬಾಗಿಲಲ್ಲಿದ್ದ ಅವ್ವನ ಮುಖವನ್ನು ನೋಡುತ್ತಿದ್ದ.